ಕಂಠದ ಕಿರುಗಂಟು: ಸಣ್ಣ ಥೈರಾಯ್ಡ್ ಕ್ಯಾನ್ಸರಿನ ನಿದಾನ ಮತ್ತು ಮುಂದಿನ ಬಾಳು

ಕುತ್ತಿಗೆಯ ನೋವಿಗೋ ತಲೆಸುತ್ತಿಗೋ ಕಾರಣವನ್ನರಸುತ್ತ ತ್ರಾಸಿಯಿಂದಲೋ ಮರವಂತೆಯಿಂದಲೋ ಕುಂದಾಪುರದ ಸ್ಕ್ಯಾನಿಂಗ್ ಸೆಂಟರಿಗೆ ಹೋದವರು, ತಾವು ಹೇಳಿಕೊಂಡ ಬಾಧೆಗೆ ಯಾವ ಸಂಬಂಧವೂ ಇಲ್ಲದ ಒಂದು ಸಾಲನ್ನು, ಥೈರಾಯ್ಡ್ ಗ್ರಂಥಿಯ ಬಲಪಾಲಿನಲ್ಲಿ 8 ಮಿ.ಮೀ. ಗಾತ್ರದ ಗಂಟೊಂದಿದೆಯೆಂಬ ಸಾಲನ್ನು, ರಿಪೋರ್ಟಿನಲ್ಲಿ ಕಂಡು ಕಂಗಾಲಾಗಿ ಮನೆಗೆ ಮರಳುವುದು ಈಚಿನ ವರ್ಷಗಳಲ್ಲಿ ಅಪರೂಪವೇನಲ್ಲ. ಆ ಕ್ಷಣದಿಂದ ಮನೆಯಲ್ಲಿ ಎರಡು ಪಕ್ಷಗಳು ಹುಟ್ಟಿಕೊಳ್ಳುತ್ತವೆ: ನಾಳೆಯೇ ಮಣಿಪಾಲಕ್ಕೆ ಹೋಗಿ ಗ್ರಂಥಿಯನ್ನೇ ತೆಗೆಸಿಬಿಡತಕ್ಕದ್ದೆಂದು ಒಬ್ಬರೆಂದರೆ, ನೋಯದ ಗಂಟಿಗೆ ಮದ್ದೇತಕ್ಕೆ, ರಿಪೋರ್ಟನ್ನು ಕಪಾಟಿನಲ್ಲಿಟ್ಟು ಸುಮ್ಮನಿರುವುದೇ ಲೇಸೆಂದು ಇನ್ನೊಬ್ಬರು. ಇವರಿಬ್ಬರ ನಡುವೆ ಕುಳಿತವರ ಬಾಯಲ್ಲಿ ಬರುವ ಮಾತು ಒಂದೇ: “ಎಂತ ಮಾಡೂದ್ ಈಗ?”

ಆ ಪ್ರಶ್ನೆಗೆ ಕ್ರಮವಾದ ಉತ್ತರವನ್ನು ಕೊಡುವುದೇ ಈ ಬರಹದ ಉದ್ದೇಶ. ಮೊದಲಿಗೇ ಹೇಳಿಬಿಡತಕ್ಕ ಮಾತೆಂದರೆ, ಥೈರಾಯ್ಡಿನ ಸಣ್ಣ ಕ್ಯಾನ್ಸರು ಬಹುಮಟ್ಟಿಗೆ ರೋಗಿಗೆ ಯೋಚಿಸಲು ಸಾಕಷ್ಟು ಕಾಲಾವಕಾಶವನ್ನು ಕೊಡುವ ವ್ಯಾಧಿ. ಆ ಅವಕಾಶವನ್ನು ಭೀತಿಯಲ್ಲಿಯೂ ಕಳೆಯದೆ, ಮರೆವಿನಲ್ಲಿಯೂ ಕಳೆಯದೆ, ಗಂಟಿನ ಸ್ವರೂಪವನ್ನು ಸರಿಯಾಗಿ ಅರಿತುಕೊಳ್ಳುವುದಕ್ಕೆ ವಿನಿಯೋಗಿಸಿದವರು ಬಾಳಿಗೂ ಬಾಳುವೆಗೂ ಅತ್ಯಂತ ಕಡಿಮೆ ನಷ್ಟದಲ್ಲಿ ಪಾರಾಗುತ್ತಾರೆ.

ಸಣ್ಣದೆಂದರೆ ಎಷ್ಟು? ಈಗ ಹೆಚ್ಚಾಗಿ ಕಾಣುವುದೇಕೆ?

ಧ್ವನಿಪೆಟ್ಟಿಗೆಯ ಕೆಳಗೆ ಶ್ವಾಸನಾಳವನ್ನು ಎರಡು ಪಾಲುಗಳಿಂದ ತಬ್ಬಿಕೊಂಡಿರುವ ಥೈರಾಯ್ಡ್ ಗ್ರಂಥಿಯಲ್ಲಿ ಹುಟ್ಟುವ ಕ್ಯಾನ್ಸರುಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಮಿಕ್ಕವು ‘ಪ್ಯಾಪಿಲರಿ’ ಎಂಬ ಸೌಮ್ಯಜಾತಿಗೆ ಸೇರಿದವು. ಅವುಗಳಲ್ಲಿ 1 ಸೆಂ.ಮೀ. ಅಥವಾ ಅದಕ್ಕಿಂತ ಕಿರಿದಾದುವನ್ನು, ಎಂದರೆ ಹೆಚ್ಚೆಂದರೆ ಒಂದು ಕಾಬೂಲಿ ಕಡಲೆಯಷ್ಟಿರುವುದನ್ನು, ವೈದ್ಯರು ‘ಮೈಕ್ರೋಕಾರ್ಸಿನೋಮ’ ಎಂದು ಕರೆಯುತ್ತಾರೆ. ಇವು ಹೊಸದಾಗಿ ಹುಟ್ಟಿಕೊಂಡ ಪಿಡುಗಲ್ಲ. 1985ರಲ್ಲಿ ಫಿನ್ಲೆಂಡಿನ ವೈದ್ಯರು ಬೇರೆ ಬೇರೆ ಕಾರಣಗಳಿಂದ ಮೃತರಾದ 101 ಮಂದಿಯ ಥೈರಾಯ್ಡನ್ನು ತೆಳುವಾಗಿ ಸೀಳಿ ಪರೀಕ್ಷಿಸಿದಾಗ, ಮೂರರಲ್ಲೊಂದು ಪಾಲಿಗೂ ಮಿಕ್ಕ ಜನರಲ್ಲಿ, ಬದುಕಿದ್ದಾಗ ಯಾರ ಅರಿವಿಗೂ ಬಾರದ ಇಂಥ ಪುಟ್ಟ ಕ್ಯಾನ್ಸರು ಕಂಡುಬಂದಿತು.

ದಕ್ಷಿಣ ಕೊರಿಯದಲ್ಲಿ ಸುಲಭವಾದ ಅಲ್ಟ್ರಾಸೌಂಡ್ ತಪಾಸಣೆ ಮನೆಮಾತಾದ ಮೇಲೆ, 2011ರಲ್ಲಿ ಪತ್ತೆಯಾದ ಥೈರಾಯ್ಡ್ ಕ್ಯಾನ್ಸರಿನ ಪ್ರಮಾಣ 1993ರದಕ್ಕಿಂತ 15 ಪಟ್ಟು ಹೆಚ್ಚಿತು. ಆದರೆ ಆ ರೋಗದಿಂದ ಸಾಯುವವರ ಪ್ರಮಾಣ ಮಾತ್ರ ಇದ್ದಲ್ಲಿಯೇ ಇದ್ದಿತು. ರೋಗವೇ ಅಷ್ಟು ಹೆಚ್ಚಿದ್ದರೆ ಮರಣವೂ ಹೆಚ್ಚಬೇಕಷ್ಟೆ; ಹೆಚ್ಚಲಿಲ್ಲವಾದ ಕಾರಣ, ಬಹಿರಂಗವಾದದ್ದು ಮೊದಲೇ ಸುಪ್ತವಾಗಿದ್ದ ನಿರುಪದ್ರವಿ ಗಂಟುಗಳೆಂದು ತಿಳಿಯಬೇಕಾಯಿತು. ನೆರೆಯ ಕೇರಳದ ತಿರುವನಂತಪುರದ ಕ್ಯಾನ್ಸರ್ ದಾಖಲಾತಿಯಲ್ಲಿ ಹೆಂಗಸರ ಥೈರಾಯ್ಡ್ ಕ್ಯಾನ್ಸರಿನ ಪ್ರಮಾಣ ದೇಶದ ಅತ್ಯಧಿಕ ಪ್ರಮಾಣಗಳಲ್ಲಿ ಒಂದಾಗಿರುವುದಕ್ಕೂ ಸ್ಕ್ಯಾನಿಂಗಿನ ವ್ಯಾಪ್ತಿಯೇ ಮುಖ್ಯ ಕಾರಣವಿರಬೇಕೆಂಬುದು ಅನೇಕ ತಜ್ಞರ ಮತ. ಆದಕಾರಣವೇ ಅಮೆರಿಕದ ರೋಗನಿವಾರಣಾ ತಜ್ಞರ ಮಂಡಳಿಯು 2017ರಲ್ಲಿ, ಯಾವ ಲಕ್ಷಣವೂ ಇಲ್ಲದ ವಯಸ್ಕರಿಗೆ ಸುಮ್ಮಸುಮ್ಮನೆ ಥೈರಾಯ್ಡ್ ಕ್ಯಾನ್ಸರಿನ ತಪಾಸಣೆ ಮಾಡಕೂಡದೆಂದು ಸ್ಪಷ್ಟವಾಗಿ ಹೇಳಿತು.

ನಿದಾನದ ಮೆಟ್ಟಿಲುಗಳು

ಪ್ರತಿಯೊಂದು ಪರೀಕ್ಷೆಯೂ ಅದರ ಹಿಂದಿನ ಪರೀಕ್ಷೆ ಉಳಿಸಿದ ಸಂದೇಹವೊಂದನ್ನು ಬಿಡಿಸುವುದಕ್ಕಾಗಿ ಇರುವುದರಿಂದ, ಇವುಗಳ ಕ್ರಮವನ್ನು ತಪ್ಪಿಸದೆ ಒಂದೊಂದೇ ಮೆಟ್ಟಿಲು ಏರುವುದು ಯುಕ್ತ.

1. ವೈದ್ಯರ ಕೈ ಮತ್ತು ಪ್ರಶ್ನೆಗಳು. ಗಂಟು ಕೈಗೆ ಸಿಗುವುದೋ, ಗಟ್ಟಿಯೋ, ನುಂಗಿದಾಗ ಮೇಲೆಕೆಳಗೆ ಸರಿಯುವುದೋ, ಪಕ್ಕದ ಕುತ್ತಿಗೆಯಲ್ಲಿ ಬೇರೆ ಗಡ್ಡೆಗಳುಂಟೋ ಎಂಬುದನ್ನು ವೈದ್ಯರು ನೋಡುತ್ತಾರೆ. ಬಾಲ್ಯದಲ್ಲಿ ಕುತ್ತಿಗೆಗೆ ವಿಕಿರಣ ಚಿಕಿತ್ಸೆ ಆಗಿದ್ದರೆ, ರಕ್ತಸಂಬಂಧಿಗಳಲ್ಲಿ ಥೈರಾಯ್ಡ್ ಕ್ಯಾನ್ಸರು ಬಂದಿದ್ದರೆ, ಕೇಳುವ ಮುನ್ನವೇ ಹೇಳಿರಿ. ಈ ಎರಡು ಸಂಗತಿಗಳು ಸಂದೇಹದ ತೂಕವನ್ನೇ ಬದಲಿಸುತ್ತವೆ.

2. ಟಿ.ಎಸ್.ಎಚ್. ರಕ್ತಪರೀಕ್ಷೆ. ಗ್ರಂಥಿ ಹೇಗೆ ಕೆಲಸ ಮಾಡುತ್ತಿದೆಯೆಂಬುದನ್ನಷ್ಟೇ ಇದು ತಿಳಿಸುತ್ತದೆ. ಕ್ಯಾನ್ಸರು ಉಂಟೋ ಇಲ್ಲವೋ ಎಂಬುದನ್ನು ತಿಳಿಸಲಾರದು. ಟಿ.ಎಸ್.ಎಚ್. ಸಹಜಕ್ಕಿಂತ ಕಡಿಮೆಯಿದ್ದರೆ ಗಂಟು ತಾನೇ ಅತಿಯಾಗಿ ಹಾರ್ಮೋನು ಸುರಿಸುತ್ತಿರಬಹುದು. ಅಂಥವನ್ನು ವಿಕಿರಣ ಸ್ಕ್ಯಾನಿನಲ್ಲಿ ನೋಡಿ ಖಚಿತಪಡಿಸಿಕೊಳ್ಳುತ್ತಾರೆ, ಮತ್ತು ಅವು ಕ್ಯಾನ್ಸರಾಗಿರುವುದು ಅತಿ ವಿರಳ.

3. ಕುತ್ತಿಗೆಯ ಅಲ್ಟ್ರಾಸೌಂಡ್. ಭುಜದ ಕೆಳಗೆ ದಿಂಬನ್ನಿಟ್ಟು, ಗದ್ದವನ್ನು ಮೇಲೆತ್ತಿಸಿ, ತಣ್ಣನೆಯ ಜೆಲ್ಲನ್ನು ಸವರಿ, ವೈದ್ಯರು ಉಪಕರಣವನ್ನು ಮೆಲ್ಲನೆ ಅಡ್ಡಕ್ಕೂ ಉದ್ದಕ್ಕೂ ಓಡಿಸುತ್ತ, ಗಂಟಿನ ಮೂರು ಅಳತೆಗಳನ್ನು ತೆರೆಯ ಮೇಲೆ ಗುರುತಿಸುತ್ತಾರೆ. ಅವರು ಹುಡುಕುವ ಚಿಹ್ನೆಗಳಿಗೆ ಕಾರಣವಿದೆ. ಕ್ಯಾನ್ಸರಿನ ಜೀವಕೋಶಗಳು ಒತ್ತೊತ್ತಾಗಿ ತುಂಬಿಕೊಂಡಿರುವುದರಿಂದ ಗಂಟು ಘನವಾಗಿ, ಸುತ್ತಲಿನ ಗ್ರಂಥಿಗಿಂತ ಕಪ್ಪಾಗಿ ಕಾಣುತ್ತದೆ, ಗ್ರಂಥಿಯ ಸಹಜ ಪದರಗಳನ್ನು ಭೇದಿಸಿ ಬೆಳೆಯುವುದರಿಂದ ಅಗಲಕ್ಕಿಂತ ಎತ್ತರವೇ ಹೆಚ್ಚಾಗಿರುತ್ತದೆ, ಅಂಚು ಒರಟಾಗಿರುತ್ತದೆ, ಸುಣ್ಣದ ಸೂಕ್ಷ್ಮಕಣಗಳು ಬಿಳಿಯ ಚುಕ್ಕೆಗಳಾಗಿ ಮಿನುಗುತ್ತವೆ. ಈ ಚಿಹ್ನೆಗಳಿಗೆ ಅಂಕಗಳನ್ನು ಕೊಟ್ಟು 1ರಿಂದ 5ರವರೆಗಿನ ‘ಟಿ-ರ್ಯಾಡ್ಸ್’ ಶ್ರೇಣಿಯನ್ನು ರಿಪೋರ್ಟಿನಲ್ಲಿ ಬರೆಯುತ್ತಾರೆ. 1 ಮತ್ತು 2 ನಿಶ್ಚಿಂತೆಯ ಶ್ರೇಣಿಗಳು. 5 ಹೆಚ್ಚು ಸಂದೇಹದ್ದು.

4. ಸೂಜಿ ಬೇಕೋ ಬೇಡವೋ ಎಂಬ ನಿರ್ಣಯ. ಅಮೆರಿಕದ ರೇಡಿಯಾಲಜಿ ಕಾಲೇಜಿನ 2017ರ ಕ್ರಮದ ಪ್ರಕಾರ, 5ನೆಯ ಶ್ರೇಣಿಯ ಗಂಟು 1 ಸೆಂ.ಮೀ. ಮುಟ್ಟಿದಾಗ, 4ನೆಯದು 1.5 ಸೆಂ.ಮೀ. ಮುಟ್ಟಿದಾಗ, 3ನೆಯದು 2.5 ಸೆಂ.ಮೀ. ಮುಟ್ಟಿದಾಗ ಸೂಜಿಪರೀಕ್ಷೆ ಮಾಡತಕ್ಕದ್ದು. 5ನೆಯ ಶ್ರೇಣಿಯ ಅರ್ಧ ಸೆಂ.ಮೀ.ಗೆ ಮೇಲ್ಪಟ್ಟ ಕಿರುಗಂಟಿಗೆ, ಪಕ್ಕದ ದುಗ್ಧಗ್ರಂಥಿಗಳು (ಲಿಂಫ್ ನೋಡ್‌ಗಳು) ಸ್ವಚ್ಛವಾಗಿದ್ದರೆ, ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿ ನೋಡುವುದು ಸಾಕು. “ಸಂದೇಹವಿದ್ದರೂ ಸೂಜಿ ಹಾಕಲಿಲ್ಲ” ಎಂದು ವೈದ್ಯರನ್ನು ಅಲಕ್ಷ್ಯದ ದೋಷಕ್ಕೆ ಗುರಿಮಾಡುವ ಮುನ್ನ ಈ ನಿಯಮವನ್ನು ನೆನೆಯಬೇಕು: ಪತ್ತೆಹಚ್ಚಿದರೂ ಚಿಕಿತ್ಸೆ ಬದಲಾಗದ ಗಂಟನ್ನು ಚುಚ್ಚುವುದರಿಂದ ರೋಗಿಗೆ ಲಭಿಸುವುದು ಆತಂಕವೊಂದೇ.

5. ಎಫ್.ಎನ್.ಎ.ಸಿ. ಎಂಬ ಸೂಜಿಪರೀಕ್ಷೆ. ರಕ್ತ ತೆಗೆಯುವ ಸೂಜಿಗಿಂತ ತೆಳುವಾದ ಸೂಜಿಯನ್ನು, ಅಲ್ಟ್ರಾಸೌಂಡಿನ ತೆರೆಯನ್ನು ನೋಡುತ್ತಲೇ, ಗಂಟಿನೊಳಕ್ಕೆ ಇಳಿಸಿ ಹಿಂದೆಮುಂದೆ ಆಡಿಸಿ ಜೀವಕೋಶಗಳನ್ನು ಹೊರತೆಗೆಯುತ್ತಾರೆ. ಆ ಕೆಲವು ಕ್ಷಣ ಎಂಜಲು ನುಂಗದೆ, ಮಾತಾಡದೆ, ಅಲುಗದೆ ಇರುವುದಷ್ಟೇ ರೋಗಿಯ ಕೆಲಸ. ಏಕೆಂದರೆ ನುಂಗಿದೊಡನೆ ಗ್ರಂಥಿ ಸರಿಯುತ್ತದೆ, ಸೂಜಿ ಗುರಿತಪ್ಪುತ್ತದೆ. ಒಂದಕ್ಕಿಂತ ಹೆಚ್ಚು ಬಾರಿ ಚುಚ್ಚಿ ತೆಗೆದ ದ್ರವವನ್ನು ಗಾಜಿನ ಸ್ಲೈಡುಗಳ ಮೇಲೆ ಹರಡಿ, ಕೆಲವನ್ನು ಒಣಗಿಸಿ, ಕೆಲವನ್ನು ಆಲ್ಕೋಹಾಲಿನಲ್ಲಿ ಅದ್ದಿ, ಪೆಥಾಲಜಿ ವಿಭಾಗಕ್ಕೆ ಕಳುಹಿಸುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಅದನ್ನು ಮುಂಚಿತವಾಗಿಯೇ ತಿಳಿಸತಕ್ಕದ್ದು, ತಾವಾಗಿಯೇ ನಿಲ್ಲಿಸಕೂಡದು.

6. ಬೆಥೆಸ್ಡಾ ಶ್ರೇಣಿಯ ಓದು. ಸೂಜಿಪರೀಕ್ಷೆಯ ಫಲಿತಾಂಶ ಆರು ಶ್ರೇಣಿಗಳಲ್ಲಿ ಒಂದರಲ್ಲಿ ಬರುತ್ತದೆ. 1ನೆಯದೆಂದರೆ ಸಾಕಷ್ಟು ಜೀವಕೋಶ ಸಿಕ್ಕಿಲ್ಲ, ಪರೀಕ್ಷೆ ಮರಳಿ ಆಗಬೇಕು, 2 ನಿರಪಾಯ, 3 ಅನಿಶ್ಚಿತ, 4 ಫಾಲಿಕ್ಯುಲರ್ ಜಾತಿಯ ಗಡ್ಡೆ, 5 ಬಲವಾದ ಸಂದೇಹ, 6 ಕ್ಯಾನ್ಸರು. 2023ರ ಪರಿಷ್ಕೃತ ಆವೃತ್ತಿಯ ಅಂದಾಜಿನಂತೆ ಕ್ಯಾನ್ಸರಾಗಿರುವ ಸಂಭವ 2ರಲ್ಲಿ ನೂರಕ್ಕೆ 4, 3ರಲ್ಲಿ 22, 4ರಲ್ಲಿ 30, 5ರಲ್ಲಿ 74, 6ರಲ್ಲಿ 97. ಪ್ಯಾಪಿಲರಿ ಕ್ಯಾನ್ಸರಿನ ಗುರುತು ಜೀವಕೋಶದ ಕೇಂದ್ರದಲ್ಲಿಯೇ ಇರುವುದರಿಂದ ಸೂಜಿ ಅದನ್ನು ಹಿಡಿಯಬಲ್ಲುದು. ಫಾಲಿಕ್ಯುಲರ್ ಜಾತಿಯಲ್ಲಿ ಮಾತ್ರ ಗಡ್ಡೆ ತನ್ನ ಕವಚವನ್ನು ಭೇದಿಸಿದೆಯೇ ಎಂಬುದನ್ನು ನೋಡಬೇಕಾಗಿ, ಗಡ್ಡೆಯನ್ನು ಇಡಿಯಾಗಿ ತೆಗೆದು ಪರೀಕ್ಷಿಸದ ಹೊರತು ನಿರ್ಣಯ ಸಾಧ್ಯವಾಗದು. 4ನೆಯ ಶ್ರೇಣಿಯವರಿಗೆ, ಕ್ಯಾನ್ಸರು ನಿಶ್ಚಿತವಾಗುವ ಮುನ್ನವೇ ಒಂದು ಪಾಲನ್ನು ತೆಗೆಯುವ ಸಲಹೆ ಬರುವುದು ಈ ಕಾರಣದಿಂದ.

7. ದುಗ್ಧಗ್ರಂಥಿಗಳ ನಕ್ಷೆ. ಕ್ಯಾನ್ಸರೆಂದು ತಿಳಿದ ಬಳಿಕ, ಶಸ್ತ್ರಚಿಕಿತ್ಸೆಗೆ ಒಪ್ಪುವ ಮೊದಲು, ಕುತ್ತಿಗೆಯ ಎರಡೂ ಪಕ್ಕಗಳ ದುಗ್ಧಗ್ರಂಥಿಗಳನ್ನು ಅನುಭವಿ ವೈದ್ಯರಿಂದ ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿಕೊಳ್ಳಬೇಕು. ಚಿಕಿತ್ಸೆಯ ವ್ಯಾಪ್ತಿ ನಿರ್ಧಾರವಾಗುವುದು ಇಲ್ಲಿ.

ನಿದಾನದ ಬಳಿಕ ಮೂರು ಹಾದಿಗಳು

*ಮೊದಲನೆಯದು, ನಿಗಾ ಇಟ್ಟು ಕಾಯುವುದು.* ಜಪಾನಿನ ಕೋಬೆ ನಗರದ ಕುಮಾ ಆಸ್ಪತ್ರೆಯಲ್ಲಿ ಡಾ. ಅಕಿರಾ ಮಿಯಾಉಚಿಯವರ ಸಲಹೆಯಂತೆ 1993ರಿಂದ, ಸಣ್ಣ ಪ್ಯಾಪಿಲರಿ ಕ್ಯಾನ್ಸರಿದ್ದವರಲ್ಲಿ ಒಪ್ಪಿದವರನ್ನು ಶಸ್ತ್ರಕ್ಕೆ ಒಳಪಡಿಸದೆ ಸ್ಕ್ಯಾನಿನಿಂದ ಗಮನಿಸುತ್ತ ಬಂದರು. 2014ರಲ್ಲಿ ಪ್ರಕಟವಾದ 1,235 ಮಂದಿಯ ಫಲಿತಾಂಶದಂತೆ, ಹತ್ತು ವರ್ಷಗಳಲ್ಲಿ ಗಂಟು 3 ಮಿ.ಮೀ. ಅಥವಾ ಹೆಚ್ಚು ಬೆಳೆದದ್ದು ನೂರಕ್ಕೆ 8 ಮಂದಿಯಲ್ಲಿ, ದುಗ್ಧಗ್ರಂಥಿಗೆ ಹರಡಿದ್ದು ನೂರಕ್ಕೆ 4ಕ್ಕೂ ಕಡಿಮೆ ಮಂದಿಯಲ್ಲಿ. ಆ ಕ್ಯಾನ್ಸರಿನಿಂದ ಸತ್ತವರು ಒಬ್ಬರೂ ಇಲ್ಲ. ಅರುವತ್ತು ದಾಟಿದವರಲ್ಲಿ ಬೆಳವಣಿಗೆ ಎಲ್ಲರಿಗಿಂತ ಕಡಿಮೆ. ಈ ಹಾದಿಯಲ್ಲಿ ಮೊದಲು ಆರು ತಿಂಗಳಿಗೊಮ್ಮೆ, ಬಳಿಕ ವರ್ಷಕ್ಕೊಮ್ಮೆ ಸ್ಕ್ಯಾನ್ ನಡೆಯುತ್ತದೆ; 3 ಮಿ.ಮೀ. ಬೆಳವಣಿಗೆಯೋ ದುಗ್ಧಗ್ರಂಥಿಗೆ ಹೊಸದಾಗಿ ಹರಡಿದ್ದೋ ಕಂಡರೆ ಶಸ್ತ್ರಚಿಕಿತ್ಸೆಗೆ ತಿರುಗುತ್ತಾರೆ. ಗಂಟು ಶ್ವಾಸನಾಳಕ್ಕಾಗಲಿ ಧ್ವನಿಯ ನರಕ್ಕಾಗಲಿ ತಾಗಿದ್ದರೆ, ದುಗ್ಧಗ್ರಂಥಿಗೆ ಆಗಲೇ ಹರಡಿದ್ದರೆ, ರೋಗಿ ಬಾಲಕನೋ ಬಾಲಕಿಯೋ ಆಗಿದ್ದರೆ, ಅಥವಾ ಕ್ಯಾನ್ಸರು ‘ಮೆಡುಲರಿ’ ಮೊದಲಾದ ಬೇರೆ ಜಾತಿಯದಾಗಿದ್ದರೆ ಈ ಹಾದಿ ಸರ್ವಥಾ ಸಲ್ಲದು.

*ಎರಡನೆಯದು, ಒಂದು ಪಾಲನ್ನು ಮಾತ್ರ ತೆಗೆಯುವುದು.* ಒಂದೇ ಕಡೆಯಿದ್ದು ಹರಡದಿರುವ, ಶಸ್ತ್ರಚಿಕಿತ್ಸೆಗೆ ಗೊತ್ತಾದ ಕಿರುಗಂಟಿಗೆ ಇದು ಸಾಕು. ಉಳಿದ ಪಾಲು ಅನೇಕರಲ್ಲಿ ದೇಹಕ್ಕೆ ಬೇಕಾದಷ್ಟು ಹಾರ್ಮೋನನ್ನು ಒದಗಿಸುವುದರಿಂದ ಜೀವನಪರ್ಯಂತ ಮಾತ್ರೆಯ ಹಂಗು ತಪ್ಪಬಹುದು.

*ಮೂರನೆಯದು, ಗ್ರಂಥಿಯನ್ನು ಪೂರ್ತಿ ತೆಗೆಯುವುದು.* ದುಗ್ಧಗ್ರಂಥಿಗೆ ಹರಡಿದ್ದರೆ, ಗ್ರಂಥಿಯನ್ನು ದಾಟಿ ಬೆಳೆದಿದ್ದರೆ, ಎರಡೂ ಪಾಲುಗಳಲ್ಲಿದ್ದರೆ ಇದು ಅಗತ್ಯವಾಗಬಹುದು. ಗ್ರಂಥಿಯ ಹಿಂಬದಿಯಲ್ಲಿ ಧ್ವನಿಯ ನರಗಳೂ ರಕ್ತದ ಕ್ಯಾಲ್ಸಿಯಂ ಅನ್ನು ಹದವಾಗಿಡುವ ನಾಲ್ಕು ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳೂ ಇರುವುದರಿಂದ, ಇಬ್ಬದಿಯಲ್ಲೂ ಕತ್ತಿಯಾಡಿಸುವ ಈ ಚಿಕಿತ್ಸೆಯಲ್ಲಿ ಸ್ವರ ಒಡೆಯುವ ಮತ್ತು ಕ್ಯಾಲ್ಸಿಯಂ ಇಳಿಯುವ ಅಪಾಯ ಒಂದು ಪಾಲಿನ ಚಿಕಿತ್ಸೆಗಿಂತ ಹೆಚ್ಚು. ಗ್ರಂಥಿಯ ಹಾರ್ಮೋನಿಗೆ ಬದಲಾಗಿ ಥೈರಾಕ್ಸಿನ್ ಮಾತ್ರೆ ಆಜೀವ ಬೇಕು.

ಥೈರಾಯ್ಡ್ ಜೀವಕೋಶಗಳು ಅಯೋಡಿನನ್ನು ಹೀರಿಕೊಳ್ಳುವ ಗುಣವನ್ನು ಆಶ್ರಯಿಸಿ ವಿಕಿರಣಶೀಲ ಅಯೋಡಿನಿನ ಚಿಕಿತ್ಸೆ ನಡೆಯುತ್ತದೆಯಾದರೂ, ಸಣ್ಣ ಹಾಗೂ ಹರಡದ ಕ್ಯಾನ್ಸರಿಗೆ ಅದರ ಆವಶ್ಯಕತೆ ಇಲ್ಲ. ಫ್ರಾನ್ಸಿನಲ್ಲಿ 776 ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಡಿಮೆ ಅಪಾಯದವರಿಗೆ ಆ ಚಿಕಿತ್ಸೆಯನ್ನು ಕೊಡದಿದ್ದರೂ ಮೂರು ವರ್ಷಗಳ ಫಲಿತಾಂಶ ಕೊಟ್ಟವರದಕ್ಕಿಂತ ಕೀಳಾಗಲಿಲ್ಲ.

ದೀರ್ಘಕಾಲದ ಭವಿಷ್ಯ

ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಅರುವತ್ತು ವರ್ಷಗಳ ಅವಧಿಯಲ್ಲಿ ಚಿಕಿತ್ಸೆ ಪಡೆದ 900 ಮಂದಿ ಮೈಕ್ರೋಕಾರ್ಸಿನೋಮ ರೋಗಿಗಳ ವೃತ್ತಾಂತವನ್ನು 2008ರಲ್ಲಿ ಪ್ರಕಟಿಸಿದಾಗ, ಆ ಕ್ಯಾನ್ಸರಿನಿಂದಲೇ ಮೃತರಾದವರು ಮೂವರು ಮಾತ್ರ. ಇಪ್ಪತ್ತು ವರ್ಷಗಳಲ್ಲಿ ರೋಗ ಮರುಕಳಿಸಿದ್ದು ನೂರಕ್ಕೆ ಸುಮಾರು 6 ಮಂದಿಯಲ್ಲಿ. ಮರುಕಳಿಸಿದರೂ ಅದು ಹೆಚ್ಚಾಗಿ ಕುತ್ತಿಗೆಯ ದುಗ್ಧಗ್ರಂಥಿಯಲ್ಲಿಯೇ ಕಾಣಿಸಿಕೊಂಡು ಮತ್ತೆ ಚಿಕಿತ್ಸೆಗೆ ಬಗ್ಗುತ್ತದೆ. ವಯಸ್ಸಿನ ಪ್ರಭಾವ ಈ ರೋಗದಲ್ಲಿ ವಿಶೇಷ: ಈಗ ಬಳಕೆಯಲ್ಲಿರುವ ಹಂತನಿರ್ಣಯದಲ್ಲಿ 55 ವರ್ಷದೊಳಗಿನವರ ಪ್ಯಾಪಿಲರಿ ಕ್ಯಾನ್ಸರಿಗೆ ಒಂದನೆಯ ಮತ್ತು ಎರಡನೆಯ ಹಂತಗಳನ್ನು ಬಿಟ್ಟು ಬೇರೆ ಹಂತವೇ ಇಲ್ಲ.

ಆದರೂ ಮರುಕಳಿಕೆ ಹಲವು ವರ್ಷಗಳ ಬಳಿಕವೂ ಸಂಭವಿಸಬಲ್ಲುದಾದ್ದರಿಂದ ಅನುಸರಣೆ ತಪ್ಪಕೂಡದು. ಶಸ್ತ್ರಚಿಕಿತ್ಸೆಯಾದವರಿಗೆ ಆರರಿಂದ ಹನ್ನೆರಡು ತಿಂಗಳೊಳಗೆ ಕುತ್ತಿಗೆಯ ಸ್ಕ್ಯಾನ್, ಅನಂತರ ವೈದ್ಯರು ಹೇಳಿದ ಅಂತರದಲ್ಲಿ ಮತ್ತೆ. ಗ್ರಂಥಿಯನ್ನು ಪೂರ್ತಿ ತೆಗೆಸಿಕೊಂಡವರಿಗೆ ಜತೆಗೆ ಥೈರೋಗ್ಲೋಬ್ಯುಲಿನ್ ಮತ್ತು ಅದರ ಪ್ರತಿಕಾಯದ ರಕ್ತಪರೀಕ್ಷೆ. ಆ ಪ್ರೋಟೀನನ್ನು ಥೈರಾಯ್ಡ್ ಜೀವಕೋಶಗಳು ಮಾತ್ರ ಉತ್ಪತ್ತಿ ಮಾಡುವುದರಿಂದ, ಗ್ರಂಥಿಯೇ ಇಲ್ಲದವರ ರಕ್ತದಲ್ಲಿ ಅದು ಏರುತ್ತ ಹೋದರೆ ರೋಗದ ಸುಳಿವೆಂದು ಎಣಿಸುತ್ತಾರೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

1. *ಟಿ.ಎಸ್.ಎಚ್. ಸಹಜವಾಗಿದೆಯೆಂದು ಗಂಟನ್ನು ಮರೆಯುವುದು.* ಥೈರಾಯ್ಡ್ ಕ್ಯಾನ್ಸರಿರುವ ಬಹುಪಾಲು ಜನರಲ್ಲಿ ಆ ಪರೀಕ್ಷೆ ಸಹಜವಾಗಿಯೇ ಇರುತ್ತದೆ.

2. *ಹಳೆಯ ಸ್ಕ್ಯಾನನ್ನು ಬಿಸಾಡುವುದು.* ಬೆಳವಣಿಗೆಯನ್ನು ಅಳೆಯುವುದು ಹಿಂದಿನ ಅಳತೆಯೊಡನೆ ಹೋಲಿಸಿ. ರಿಪೋರ್ಟು, ಚಿತ್ರಗಳ ಸಿ.ಡಿ., ಸೂಜಿಪರೀಕ್ಷೆಯ ಸ್ಲೈಡುಗಳ ನಂಬರು, ಇವನ್ನೆಲ್ಲ ಒಂದೇ ಫೈಲಿನಲ್ಲಿಡಿ. ಸಾಧ್ಯವಾದಷ್ಟು ಒಂದೇ ಸೆಂಟರಿನಲ್ಲಿ ಸ್ಕ್ಯಾನ್ ಮಾಡಿಸಿಕೊಳ್ಳಿ, ಒಂದೆರಡು ಮಿ.ಮೀ. ವ್ಯತ್ಯಾಸ ಅಳೆಯುವ ಕೈ ಬದಲಾದರೂ ಬರುತ್ತದೆ.

3. *ಮೀನು, ಉಪ್ಪು ಬಿಡುವುದು.* ಬಂಗುಡೆ ಸಿಗಡಿಗಳನ್ನಾಗಲಿ ಅಯೋಡಿನ್‌ಯುಕ್ತ ಉಪ್ಪನ್ನಾಗಲಿ ತ್ಯಜಿಸುವುದರಿಂದ ಈ ಗಂಟು ಕರಗದು. ವಿಕಿರಣ ಅಯೋಡಿನ್ ಚಿಕಿತ್ಸೆಗೆ ಮುನ್ನ ಒಂದೆರಡು ವಾರ ಮಾತ್ರ, ವೈದ್ಯರು ಹೇಳಿದರೆ, ಅಂಥ ಪಥ್ಯವುಂಟು.

4. *ಲೇಪ, ತಿಕ್ಕುವಿಕೆ, ಕಷಾಯಗಳಲ್ಲಿ ಕಾಲ ಕಳೆಯುವುದು.* ಯಾವ ಔಷಧಿಯನ್ನೇ ಸೇವಿಸುತ್ತಿದ್ದರೂ ವೈದ್ಯರಿಂದ ಮುಚ್ಚಿಡಬೇಡಿ. ಥೈರಾಕ್ಸಿನ್ ಮಾತ್ರೆಯನ್ನಂತೂ ಅದರ ಸಲುವಾಗಿ ನಿಲ್ಲಿಸಬೇಡಿ.

5. *ಥೈರಾಕ್ಸಿನನ್ನು ಚಹದೊಡನೆ ನುಂಗುವುದು.* ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೀರಿನೊಡನೆ ನುಂಗಿ, ಅರ್ಧದಿಂದ ಒಂದು ಗಂಟೆ ಬಿಟ್ಟು ಚಹ ತಿಂಡಿ. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳಿಗೆ ನಾಲ್ಕು ಗಂಟೆಯ ಅಂತರವಿರಲಿ. ಕೂದಲು ಉಗುರುಗಳಿಗೆಂದು ಬಯೋಟಿನ್ ಸೇವಿಸುವವರು ಥೈರಾಯ್ಡ್ ರಕ್ತಪರೀಕ್ಷೆಗೆ ಎರಡು ದಿನ ಮೊದಲೇ ಅದನ್ನು ನಿಲ್ಲಿಸಬೇಕು. ಇಲ್ಲವಾದರೆ ಫಲಿತಾಂಶ ತಪ್ಪು ಬರಬಹುದು.

6. *ಮಾತ್ರೆ ಹೆಚ್ಚಾದಷ್ಟೂ ಒಳ್ಳೆಯದೆಂಬ ಭಾವನೆ.* ಕಡಿಮೆ ಅಪಾಯದವರಲ್ಲಿ ಥೈರಾಕ್ಸಿನನ್ನು ಹೆಚ್ಚಿಸಿ ಟಿ.ಎಸ್.ಎಚ್. ಅನ್ನು ತೀರ ಕೆಳಕ್ಕೆ ತಳ್ಳುವ ಅಗತ್ಯವಿಲ್ಲ. ವರ್ಷಗಟ್ಟಲೆ ಹಾಗೆ ಮಾಡಿದರೆ, ವಿಶೇಷವಾಗಿ ವಯಸ್ಸಾದ ಹೆಂಗಸರಲ್ಲಿ, ಎಲುಬು ಸವೆಯಬಹುದು, ಹೃದಯದ ಲಯ ಕೆಡಬಹುದು.

ತಡಮಾಡಬಾರದ ಸಂದರ್ಭಗಳು

ಗಂಟು ವಾರಗಳಲ್ಲಿಯೇ ಊದಿದರೆ, ಸ್ವರ ಎರಡು ಮೂರು ವಾರ ಕಳೆದರೂ ಒಡಕಾಗಿಯೇ ಉಳಿದರೆ, ನುಂಗಲು ಉಸಿರಾಡಲು ಕಷ್ಟವಾದರೆ, ಪಕ್ಕದ ಕುತ್ತಿಗೆಯಲ್ಲಿ ಗಟ್ಟಿ ಗಡ್ಡೆ ಮೂಡಿದರೆ ಕಾಯಬೇಡಿ. ಶಸ್ತ್ರಚಿಕಿತ್ಸೆಯ ಬಳಿಕ ತುಟಿಯ ಸುತ್ತಲೂ ಬೆರಳತುದಿಗಳಲ್ಲೂ ಜುಮ್ಮೆಂದರೆ ಅದು ಕ್ಯಾಲ್ಸಿಯಂ ಇಳಿದ ಲಕ್ಷಣ. ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು. ಗರ್ಭಿಣಿಯರಿಗೂ ಮೊಲೆಯುಣಿಸುವ ತಾಯಂದಿರಿಗೂ ವಿಕಿರಣ ಅಯೋಡಿನ್ ನಿಷಿದ್ಧ.

ಎಲ್ಲಿ, ಏನನ್ನು ಕೇಳಬೇಕು

ಮೊದಲ ಸ್ಕ್ಯಾನ್ ಮತ್ತು ರಕ್ತಪರೀಕ್ಷೆಗಳು ಕುಂದಾಪುರದಲ್ಲಿಯೇ ಆಗಬಲ್ಲುವು. ಸಂದೇಹ ಬಲವಾದರೆ, ತ್ರಾಸಿಯಿಂದ ಹೆದ್ದಾರಿ 66ರಲ್ಲಿ ಸುಮಾರು ಐವತ್ತು ಕಿಲೋಮೀಟರಿನಷ್ಟು ದೂರದ ಮಣಿಪಾಲದಲ್ಲಿ, 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಸ್ಥಾಪಿಸಿದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಆಸ್ಪತ್ರೆಯುಂಟು. ಮಂಗಳೂರಿನ ಮೆಡಿಕಲ್ ಕಾಲೇಜುಗಳ ಆಸ್ಪತ್ರೆಗಳುಂಟು. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಯುಂಟು. ಬಿ.ಪಿ.ಎಲ್. ಕುಟುಂಬದವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ನೆರವಿಗೆ ಅರ್ಹರು. ಆದ್ದರಿಂದ ರೇಷನ್ ಕಾರ್ಡನ್ನೂ ಆಧಾರನ್ನೂ ಫೈಲಿನಲ್ಲಿಯೇ ಇರಿಸಿ, ರೆಫರಲ್ ಪತ್ರದ ವಿಚಾರವನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ಮುಂಚೆಯೇ ಕೇಳಿಕೊಳ್ಳಿ.

ತಜ್ಞರ ಎದುರು ಕುಳಿತಾಗ ಮನೆಯವರೊಬ್ಬರನ್ನು ಜತೆಗಿರಿಸಿಕೊಂಡು, ಈ ಐದು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೇಳಿರಿ:

1. ಗಂಟಿನ ಗಾತ್ರವೆಷ್ಟು, ಶ್ವಾಸನಾಳದಿಂದಲೂ ಧ್ವನಿಯ ನರದಿಂದಲೂ ಅದು ದೂರವಿದೆಯೇ?
2. ದುಗ್ಧಗ್ರಂಥಿಗಳು ಸ್ವಚ್ಛವಾಗಿವೆಯೇ?
3. ನನ್ನಂಥವರಿಗೆ ನಿಗಾ ಇಟ್ಟು ಕಾಯುವ ಹಾದಿ ಸಲ್ಲುವುದೇ, ಸಲ್ಲದಿದ್ದರೆ ಕಾರಣವೇನು?
4. ಶಸ್ತ್ರಚಿಕಿತ್ಸೆಯಾದರೆ ಒಂದು ಪಾಲು ಸಾಕಾಗದೇ?
5. ಡಾಕ್ಟ್ರೇ, ನೀವು ವರ್ಷಕ್ಕೆ ಇಂಥ ಎಷ್ಟು ಶಸ್ತ್ರಚಿಕಿತ್ಸೆಗಳನ್ನು ಮಾಡುತ್ತೀರಿ?

ಕೊನೆಯ ಪ್ರಶ್ನೆಯನ್ನು ಕೇಳಲು ಸಂಕೋಚಪಡಬೇಕಾಗಿಲ್ಲ. ವರ್ಷಕ್ಕೆ 25ಕ್ಕಿಂತ ಹೆಚ್ಚು ಬಾರಿ ಥೈರಾಯ್ಡನ್ನು ತೆಗೆಯುವ ವೈದ್ಯರ ಕೈಯಲ್ಲಿ ತೊಡಕುಗಳು ಕಡಿಮೆಯೆಂದು 2017ರ ಅಧ್ಯಯನವೊಂದು ತೋರಿಸಿಕೊಟ್ಟಿದೆ. ಒಳ್ಳೆಯ ವೈದ್ಯರು ಇದಕ್ಕೆ ಬೇಸರಿಸದೆ ಉತ್ತರಿಸುತ್ತಾರೆ. ಈ ಐದಕ್ಕೂ ಸ್ಪಷ್ಟವಾದ ಉತ್ತರ ದೊರೆಯುವವರೆಗೆ ಶಸ್ತ್ರಚಿಕಿತ್ಸೆಯ ದಿನಾಂಕಕ್ಕೆ ಒಪ್ಪಬೇಡಿ; ಬೇಕಾದರೆ ಸ್ಲೈಡುಗಳನ್ನು ಕೊಂಡೊಯ್ದು ಇನ್ನೊಬ್ಬ ತಜ್ಞರ ಅಭಿಪ್ರಾಯವನ್ನು ಪಡೆಯಿರಿ. ತಡಮಾಡಬಾರದೆಂದು ಮೇಲೆ ಹೇಳಿದ ಲಕ್ಷಣಗಳಾವುವೂ ಇಲ್ಲದಿದ್ದ ಪಕ್ಷದಲ್ಲಿ, ಆ ಕೆಲವು ವಾರಗಳ ವಿಚಾರಣೆಯಿಂದ ನಿಮ್ಮ ಆಯುಸ್ಸಿಗೆ ಕುಂದುಂಟಾಗುವುದಿಲ್ಲ. ಬೇಡದ ಶಸ್ತ್ರಚಿಕಿತ್ಸೆಯೊಂದು ತಪ್ಪಿ ನಿಮ್ಮ ಸ್ವರವೂ ಗ್ರಂಥಿಯೂ ಉಳಿಯಬಹುದು.